ಹಳ್ಳದ ಎಲ್ಲೆ ಎಳೆಯುವುದು ಹೇಗೆ?

ಪ್ರಶ್ನೆ: 1:50,000 ಪ್ರಮಾಣದ ನಕ್ಷೆಯಲ್ಲಿ ಒಂದು ಸಣ್ಣ ಹಳ್ಳದ ಜಲಾನಯನ ಪ್ರದೇಶ (ಮಳೆ ನೀರು ಹರಿದು ಆ ಹಳ್ಳ ಸೇರುವ ನೆಲ) ಗುರುತಿಸಲು ಹೊರಟೆ. ನಾನೆಳೆದ ಗೆರೆ ಎರಡು ಕಡೆ ಉಪಹಳ್ಳಗಳನ್ನು ದಾಟಿಬಿಟ್ಟಿದೆ. ತಪ್ಪಿದ್ದೆಲ್ಲಿ?

ಉತ್ತರ: ಗೆರೆ ನೀರನ್ನು ದಾಟಬೇಕಾದದ್ದು ಒಂದೇ ಕಡೆ, ನೀವು ಕೊನೆಯೆಂದು ಆರಿಸಿಕೊಂಡ ಜಾಗದಲ್ಲಿ. ಅದು ಸೇತುವೆಯಾಗಬಹುದು, ದೊಡ್ಡ ಹೊಳೆಯ ಸಂಗಮವಾಗಬಹುದು. ಆ ಚುಕ್ಕೆ ಜರುಗಿದರೆ ಜಲಾನಯನದ ವಿಸ್ತಾರವೂ ಬದಲಾಗುತ್ತದೆ. ಬೇರೆಡೆ ದಾಟಿದೆ ಎಂದರೆ ದಿಬ್ಬದ ನೆತ್ತಿ ಬಿಟ್ಟು ಇಳಿಜಾರಿಗೆ ಬಂದಿದ್ದೀರಿ.

ಹೀಗೆ ದಾರಿ ತಪ್ಪಿಸುವುದು ಸಾಮಾನ್ಯವಾಗಿ ಗುಡ್ಡದ ಚಾಚುಗಳು. ಎರಡು ಉಪಹಳ್ಳಗಳ ನಡುವೆಯೂ ಒಂದು ದಿಬ್ಬ ಇದ್ದೇ ಇರುತ್ತದೆ. ಅದನ್ನೇ ಎಲ್ಲೆಯೆಂದು ಹಿಡಿದು ಹತ್ತಿದರೆ ಜಲಾನಯನದ ಒಳಗೇ ಸಿಕ್ಕಿಕೊಳ್ಳುತ್ತೀರಿ. ಆದ್ದರಿಂದ ಎಲ್ಲೆಗೆ ಕೈ ಹಾಕುವ ಮೊದಲು ನಿಮ್ಮ ಹಳ್ಳಕ್ಕೆ ಸೇರುವ ಎಲ್ಲ ತೊರೆಗಳಿಗೂ ಒಂದು ಬಣ್ಣ, ಅಕ್ಕಪಕ್ಕದ ಹಳ್ಳಗಳಿಗೆ ಇನ್ನೊಂದು ಬಣ್ಣ ಹಚ್ಚಿ. ನೀಲಿ ಗೆರೆ ಇಲ್ಲದ ಕಣಿವೆಗಳನ್ನೂ ಬಿಡಬೇಡಿ. ಸಮೋನ್ನತ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) ಮೊನೆ ಎತ್ತರದ ಕಡೆಗೆ ತಿರುಗಿದ್ದರೆ ಅದು ಕಣಿವೆ. ತಗ್ಗಿನ ಕಡೆಗೆ ತಿರುಗಿದ್ದರೆ ದಿಬ್ಬ. ಇದೊಂದು ಕಣ್ಣಿಗೆ ಪಳಗಿದರೆ ಅರ್ಧ ಕೆಲಸ ಮುಗಿದಂತೆ.

ಈಗ ಕೊನೆಯ ಚುಕ್ಕೆಯಿಂದ ಒಂದು ಬದಿಗೆ, ಪ್ರತಿ ಸಮೋನ್ನತ ರೇಖೆಯನ್ನೂ ಲಂಬವಾಗಿ ಕತ್ತರಿಸುತ್ತ ಮೇಲೇರಿ. ಎರಡೂ ಬಣ್ಣಗಳ ನಡುವಿನ ನೆತ್ತಿಯ ಮೇಲೆಯೇ ಸಾಗಿ, ಎರಡು ಶಿಖರಗಳ ನಡುವಿನ ತಗ್ಗನ್ನು ಮಧ್ಯದಲ್ಲೇ ದಾಟಿ, ಇನ್ನೊಂದು ಬದಿಯಿಂದ ಅದೇ ಚುಕ್ಕೆಗೆ ಇಳಿಯಿರಿ. ಪೆನ್ಸಿಲ್ಲನ್ನೇ ಬಳಸಿ, ಒರೆಸುವುದು ಖಂಡಿತ ಇರುತ್ತದೆ.

ಸಮತಟ್ಟು ನೆಲದಲ್ಲಿ ನಕ್ಷೆಯನ್ನಷ್ಟೇ ನಂಬಬಾರದು. ಸಮೋನ್ನತ ರೇಖೆಗಳ ನಡುವಿನ ಎತ್ತರದ ಅಂತರ 20 ಮೀಟರ್ ಇದ್ದರೆ, 5 ಮೀಟರಿನ ದಿಬ್ಬ ಅದರಲ್ಲಿ ಕಾಣದೇ ಹೋಗಬಹುದು. ರಸ್ತೆಯ ಏರಿ, ಮೋರಿ, ಕಾಲುವೆಗಳು ಒಂದು ಹಳ್ಳದ ನೀರನ್ನು ಇನ್ನೊಂದಕ್ಕೆ ತಿರುಗಿಸಿರುತ್ತವೆ. ಜೋರು ಮಳೆ ನಿಂತ ಕೂಡಲೇ ಹೋಗಿ ಪ್ರತಿ ಮೋರಿಯಲ್ಲೂ ನೀರು ಯಾವ ಕಡೆಗೆ ಹೋಗುತ್ತಿದೆ ಎಂದು ನೋಡಿ ಬನ್ನಿ.

ವಿಸ್ತೀರ್ಣಕ್ಕೆ ಪಾರದರ್ಶಕ ಗ್ರಾಫ್ ಹಾಳೆ ಸಾಕು. ಈ ನಕ್ಷೆಯಲ್ಲಿ 1 ಸೆಂ.ಮೀ. ಚೌಕವೆಂದರೆ 25 ಹೆಕ್ಟೇರ್. ಅರ್ಧಕ್ಕಿಂತ ಹೆಚ್ಚು ಒಳಗಿರುವ ಚೌಕವನ್ನು ಪೂರ್ತಿಯೆಂದು ಎಣಿಸಿ, ಉಳಿದದ್ದನ್ನು ಬಿಡಿ. ಜೆರಾಕ್ಸ್ ಪ್ರತಿಯಾದರೆ ನಕ್ಷೆಯ ಮೇಲೆ ಮುದ್ರಿಸಿದ ಅಳತೆಪಟ್ಟಿಯನ್ನು ಸ್ಕೇಲಿನಿಂದ ಅಳೆದು ನೋಡಿ. ಪ್ರತಿ ಹಿಗ್ಗಿದ್ದರೆ ಲೆಕ್ಕವೆಲ್ಲ ಕೆಡುತ್ತದೆ.

ಪ್ರಶ್ನೆ: ಉಪಕರಣವಿಲ್ಲದೆ ಹರಿವು ಅಳೆಯಬಹುದೇ?

ಉತ್ತರ: ಬೇಸಿಗೆ, ಮಳೆಗಾಲಗಳನ್ನು ಹೋಲಿಸುವಷ್ಟು ಅಳೆಯಬಹುದು. ಸುಳಿ, ಬಂಡೆಗಳಿಲ್ಲದ 20 ಮೀಟರ್ ನೇರ ಹರಿವು ಹುಡುಕಿ, ಎರಡೂ ತುದಿಗೆ ಗುರುತು ಹಾಕಿ. ಅರ್ಧ ನೀರು ತುಂಬಿದ ಸಣ್ಣ ಬಾಟಲಿಯನ್ನು ಮೇಲ್ಗಡೆಯ ಗುರುತಿಗಿಂತ ಸ್ವಲ್ಪ ಹಿಂದೆಯೇ ಬಿಡಿ, ಗುರುತು ತಲುಪುವಷ್ಟರಲ್ಲಿ ಅದಕ್ಕೆ ನೀರಿನ ವೇಗ ಬಂದಿರಬೇಕು. ಐದಾರು ಸಲ ಬಿಟ್ಟು, ದಡಕ್ಕೆ ಸಿಕ್ಕಿಕೊಂಡ ಸರದಿಗಳನ್ನು ಕೈಬಿಟ್ಟು, ಗುರುತಿನಿಂದ ಗುರುತಿಗೆ ಹಿಡಿದ ಸಮಯದ ಸರಾಸರಿ ತೆಗೆಯಿರಿ. 40 ಸೆಕೆಂಡ್ ಹಿಡಿದರೆ ಮೇಲ್ಮೈ ವೇಗ ಸೆಕೆಂಡಿಗೆ 0.5 ಮೀಟರ್. ತಳದಲ್ಲಿ ನೀರು ನಿಧಾನವಾಗಿರುವುದರಿಂದ 0.85ರಿಂದ ಗುಣಿಸಬೇಕು, ಕಲ್ಲುಕಲ್ಲಾದ, ಆಳವಿಲ್ಲದ ತಳವಾದರೆ ಇನ್ನೂ ಕಡಿಮೆ. ಅಗಲ 3 ಮೀಟರ್, ಸರಾಸರಿ ಆಳ 0.25 ಮೀಟರ್ ಇದ್ದರೆ ಹರಿವು ಸೆಕೆಂಡಿಗೆ ಸುಮಾರು 320 ಲೀಟರ್. ಆಳವನ್ನು ನಡುವಿನಲ್ಲಿ ಮಾತ್ರ ಅಳೆದು ಹರಿವನ್ನು ಹೆಚ್ಚಿಸಿಕೊಳ್ಳಬೇಡಿ, ಅರ್ಧ ಮೀಟರಿಗೊಮ್ಮೆ ಅಳೆಯಿರಿ. ನೀರು ಮೊಣಕಾಲು ಮೀರಿ ರಭಸವಾಗಿದ್ದರೆ ಇಳಿಯಲೇಬೇಡಿ.

ಪ್ರಶ್ನೆ: ಮಳೆ ನಿಂತು ವಾರಗಳಾದರೂ ಹರಿಯುವ ನೀರು ಎಲ್ಲಿಯದು?

ಉತ್ತರ: ನೆಲದೊಳಗಿನದು. 1 ಚದರ ಕಿ.ಮೀ. ಮೇಲೆ 10 ಮಿ.ಮೀ. ಮಳೆ ಸುರಿದರೆ 1 ಕೋಟಿ ಲೀಟರ್. ಅದರಲ್ಲಿ ಇಂಗಿದ ಪಾಲು ನಿಧಾನವಾಗಿ ಜಿನುಗಿ ಹಳ್ಳ ಸೇರುತ್ತದೆ. ಅಂತರ್ಜಲ ಹಳ್ಳದ ತಳಕ್ಕಿಂತ ಕೆಳಗೆ ಇಳಿಯಿತೆಂದರೆ ದಿಕ್ಕು ತಿರುಗಿ, ಹಳ್ಳದ ನೀರೇ ನೆಲಕ್ಕೆ ಇಂಗತೊಡಗುತ್ತದೆ.