ತೂಕ ಇಳಿಯಲಿ, ತೋಳು ಉಳಿಯಲಿ

ಬೊಜ್ಜು ಕರಗಿಸುವ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲ ಆಹಾರತಜ್ಞರು ಮತ್ತು ವ್ಯಾಯಾಮ ತರಬೇತುದಾರರು ಸೇರಿ ಉತ್ತರಿಸಿದ್ದಾರೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಹೃದಯ ಇಲ್ಲವೇ ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು ಇಲ್ಲಿನ ಲೆಕ್ಕವನ್ನು ತಮ್ಮ ಡಾಕ್ಟರಿಗೆ ತೋರಿಸಿಯೇ ಶುರು ಮಾಡಿ.

ಪ್ರಶ್ನೆ: ವಯಸ್ಸು 34, ಎತ್ತರ ಐದು ಅಡಿ ಎಂಟು ಇಂಚು, ಕೂತು ಮಾಡುವ ಕೆಲಸ. ರಾತ್ರಿ ಊಟ ಬಿಟ್ಟು, ದಿನಾ ಸ್ಯಾಂಕಿ ಕೆರೆ ಸುತ್ತ ಒಂದು ಗಂಟೆ ನಡೆದು ಎರಡೇ ತಿಂಗಳಲ್ಲಿ 86ರಿಂದ 78 ಕೆಜಿಗೆ ಬಂದೆ. ಕೆನ್ನೆ ಬತ್ತಿದೆ, ತೋಳು ಸಣ್ಣಗಾಗಿದೆ, ಹೊಟ್ಟೆ ಮಾತ್ರ ಇದ್ದ ಹಾಗೇ ಇದೆ. ಎಲ್ಲಿ ತಪ್ಪಿತು?
– ಓದುಗರು, ರಾಜಾಜಿನಗರ

ಉತ್ತರ: ಇಳಿದ ಎಂಟು ಕೆಜಿಯೂ ಬೊಜ್ಜಲ್ಲ, ತೊಂದರೆ ಅಲ್ಲೇ ಇದೆ. ಊಟ ಸಾಲದಾದಾಗ ದೇಹ ಕೊಬ್ಬನ್ನೂ ಕರಗಿಸುತ್ತದೆ, ಮಾಂಸಖಂಡವನ್ನೂ ಕರಗಿಸುತ್ತದೆ. ಕೆಲಸವಿಲ್ಲದ ತೋಳು ಅದರ ಪಾಲಿಗೆ ದಂಡದ ಖರ್ಚು. ನಡಿಗೆ ಒಳ್ಳೆಯದೇ, ಆದರೆ ಅದರಿಂದ ತೋಳಿಗೆ, ಎದೆಗೆ, ಬೆನ್ನಿಗೆ ಕೆಲಸ ಸಿಗುವುದಿಲ್ಲ. ಮೇಲೆ ಉಪ್ಪಿಟ್ಟು, ಅನ್ನ-ಸಾರು ತಿಂದು ರಾತ್ರಿ ಊಟವನ್ನೂ ಬಿಟ್ಟರೆ ದಿನದ ಪ್ರೋಟೀನ್ 40 ಗ್ರಾಂ ಮುಟ್ಟುವುದೂ ಕಷ್ಟ.

ವ್ಯಾಯಾಮ, ಪ್ರೋಟೀನ್ ಇವೆರಡೂ ಸರಿಯಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ತೂಕ ಹೆಚ್ಚಿದ್ದ 40 ಯುವಕರಿಗೆ ನಾಲ್ಕು ವಾರ ಊಟದಲ್ಲಿ ಶೇ 40ರಷ್ಟು ಕಡಿತ, ಜೊತೆಗೆ ಬೆವರಿಳಿಸುವ ವ್ಯಾಯಾಮ. ದೇಹತೂಕದ ಕೆಜಿಗೆ 2.4 ಗ್ರಾಂ ಪ್ರೋಟೀನ್ ತಿಂದವರಲ್ಲಿ 4.8 ಕೆಜಿ ಕೊಬ್ಬು ಇಳಿದು, ಕೊಬ್ಬಲ್ಲದ ತೂಕ 1.2 ಕೆಜಿ ಏರಿತು. 1.2 ಗ್ರಾಂ ತಿಂದವರಲ್ಲಿ 3.5 ಕೆಜಿ ಕೊಬ್ಬು ಇಳಿಯಿತು, ಕೊಬ್ಬಲ್ಲದ ತೂಕ ಹೆಚ್ಚೂಕಡಿಮೆ ಇದ್ದಲ್ಲೇ ನಿಂತಿತು. ಆ ಮಟ್ಟದ ಕಡಿತ ನಿಮಗೆ ಬೇಡ. ಭಾರ ಎತ್ತಿ ಅಭ್ಯಾಸವಿಲ್ಲದವರಿಗೆ ಕೊಬ್ಬು ಇಳಿಯುವುದೂ ಮಾಂಸಖಂಡ ಬೆಳೆಯುವುದೂ ಒಟ್ಟಿಗೇ ಆಗಬಲ್ಲದು, ಆ ಅನುಕೂಲ ನಿಮಗಿದೆ.

ರಾತ್ರಿ ಊಟ ಮತ್ತೆ ಶುರು ಮಾಡಿ. ನಿಮ್ಮ ದಿನದ ಖರ್ಚು ಸುಮಾರು 2200–2300 ಕ್ಯಾಲೊರಿ ಇರಬಹುದು. 1900ರ ಆಸುಪಾಸು ತಿನ್ನಿ. ವಾರಕ್ಕೆ 400 ಗ್ರಾಂ ಇಳಿದರೆ ಸಾಕು. ಪ್ರೋಟೀನ್ ಗುರಿ 115 ಗ್ರಾಂ, ಅಂದರೆ ತಲುಪಬೇಕಾದ 72 ಕೆಜಿಗೆ ತಲಾ 1.6. ಮಾಂಸಾಹಾರಿಯಾದರೆ ನಾಲ್ಕು ಮೊಟ್ಟೆಗೆ 24 ಗ್ರಾಂ, ಹಸಿ ತೂಕದಲ್ಲಿ 150 ಗ್ರಾಂ ಮೂಳೆಯಿಲ್ಲದ ಕೋಳಿ ಎದೆಗೆ 34. ಉಳಿದದ್ದು ಬೇಳೆ, ಕಾಳು, ಮೊಸರಿನಿಂದ ಬರಲಿ, ಸಾಲದಿದ್ದರೆ ಒಂದು ಸ್ಕೂಪ್ ವೇ (ಹಾಲಿನ ಪ್ರೋಟೀನ್) ಪುಡಿ.

ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ, ಭಾರ ಎತ್ತಿ. ಸ್ಕ್ವಾಟ್ (ಕುಕ್ಕರಿಸಿ ಏಳುವುದು), ಪುಷ್-ಅಪ್ ಅಥವಾ ಬೆಂಚ್ ಪ್ರೆಸ್ (ಮಲಗಿ ಎದೆಯ ಮೇಲಿಂದ ಭಾರ ಎತ್ತುವುದು), ಡಂಬೆಲ್ ರೋ (ಬಾಗಿ ನಿಂತು ಡಂಬೆಲನ್ನು ಪಕ್ಕೆಯತ್ತ ಎಳೆಯುವುದು), ರೊಮೇನಿಯನ್ ಡೆಡ್‌ಲಿಫ್ಟ್ (ಭಾರ ಹಿಡಿದು ಬಾಗಿ ಏಳುವುದು), ಶೋಲ್ಡರ್ ಪ್ರೆಸ್ (ಭುಜದಿಂದ ತಲೆಯ ಮೇಲಕ್ಕೆ ಎತ್ತುವುದು). ಪ್ರತಿಯೊಂದೂ ಮೂರು ಸೆಟ್, ಸೆಟ್ಟಿಗೆ 8ರಿಂದ 12 ಸಲ, ನಡುವೆ ಎರಡು ನಿಮಿಷ ವಿರಾಮ. ಸೆಟ್ ಮುಗಿದಾಗ ‘ಇನ್ನೆರಡು ಎತ್ತಬಹುದಿತ್ತು’ ಅನ್ನಿಸಬೇಕು. ಇನ್ನು ಹತ್ತು ಎತ್ತಬಹುದು ಅನ್ನಿಸಿದರೆ ಆ ಭಾರ ಸಾಲದು. ಮೂರೂ ಸೆಟ್‌ನಲ್ಲಿ 12 ಮುಟ್ಟಿದ ದಿನ ಪುಸ್ತಕದಲ್ಲಿ ಬರೆದಿಟ್ಟು, ಮುಂದಿನ ಸಲ ಒಂದು ಹೆಜ್ಜೆ ಭಾರ ಏರಿಸಿ. ‘ಬೊಜ್ಜು ಕರಗಬೇಕಾದರೆ ಹಗುರ ಭಾರ, ಹೆಚ್ಚು ಸಲ’ ಎಂಬ ಜಿಮ್ ಮಾತು ಕಿವಿಗೆ ಬಿದ್ದರೆ ಬಿಟ್ಟುಬಿಡಿ. ಬೊಜ್ಜನ್ನು ಊಟದ ಲೆಕ್ಕ ನೋಡಿಕೊಳ್ಳುತ್ತದೆ. ಭಾರ ಇರುವುದು ತೋಳು ಉಳಿಸುವುದಕ್ಕೆ.

ಹೆಚ್ಚು ಜನ ಕೆಡಿಸುವುದು ಡೆಡ್‌ಲಿಫ್ಟನ್ನು. ಎರಡೂ ಕೈಯಲ್ಲಿ ಸಾಮಾನಿದ್ದಾಗ ಬಾಗಿಲನ್ನು ನಮ್ಮ ಹಿಂಭಾಗದಿಂದ (ಪೃಷ್ಠದಿಂದ) ನೂಕುತ್ತೇವಲ್ಲ, ಅದೇ ಚಲನೆ. ಮಂಡಿ ಸ್ವಲ್ಪವೇ ಮಡಚಿ, ಹಿಂಭಾಗ ಹಿಂದಕ್ಕೆ ಹೋಗಲಿ, ಡಂಬೆಲ್ ತೊಡೆಗೆ ಒರೆಸಿಕೊಂಡೇ ಇಳಿಯಲಿ, ಮಂಡಿಯ ಕೆಳಗೆ ನಿಲ್ಲಲಿ. ಹಿಂಭಾಗ ಹಿಂದೆ ಸರಿಯದಿದ್ದರೆ ಬೆನ್ನು ಗೂನಾಗಿ ಭಾರವೆಲ್ಲ ಸೊಂಟಕ್ಕೆ ಬೀಳುತ್ತದೆ. ಜಿಮ್ ಇಲ್ಲದಿದ್ದರೆ ಬೆನ್ನಚೀಲದಲ್ಲಿ ಐದು ಕೆಜಿ ಅಕ್ಕಿ ಪ್ಯಾಕೆಟ್ ಇಟ್ಟು ಶುರು ಮಾಡಬಹುದು, ಎರಡನೇ ತಿಂಗಳಿಗೆ ಎರಡು ಪ್ಯಾಕೆಟ್.

ಗಂಡಸರ ಹೊಟ್ಟೆಯ ಬೊಜ್ಜು ಸಾಮಾನ್ಯವಾಗಿ ಕೊನೆಗೆ ಹೋಗುತ್ತದೆ. ಹೊಟ್ಟೆಯ ವ್ಯಾಯಾಮ ಎಷ್ಟೇ ಮಾಡಿದರೂ ಅಲ್ಲಿಯದೇ ಮೊದಲು ಕರಗಲಿ ಎಂದು ಹೇಳಿ ಮಾಡಿಸಲಾಗದು.

ಪ್ರಶ್ನೆ: ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ. ವಯಸ್ಸು 46, ತೂಕ 68. ಬೇಳೆ ಸಾರು, ಮೊಳಕೆ ಕಾಳು ತಿಂದರೆ ಪ್ರೋಟೀನ್ ಸಾಲದೇ? ಭಾರ ಎತ್ತಿದರೆ ಗಂಡಸರ ಹಾಗೆ ತೋಳು ಬಂದುಬಿಡುತ್ತದೆಯೇ?
– ಓದುಗರು, ಮಲ್ಲೇಶ್ವರ

ಉತ್ತರ: ಎರಡನೆಯದಕ್ಕೆ ಮೊದಲು: ಬರುವುದಿಲ್ಲ. ಹೆಂಗಸರಲ್ಲಿ ಟೆಸ್ಟೋಸ್ಟೆರಾನ್ ಎಷ್ಟೋ ಪಟ್ಟು ಕಡಿಮೆ. ಈ ವಯಸ್ಸಿನಲ್ಲಿ ತೋಳು ದಪ್ಪವಾದೀತು ಎನ್ನುವುದಕ್ಕಿಂತ ಮಾಂಸಖಂಡವೂ ಮೂಳೆಯೂ ಸವೆದಾವು ಎಂದು ಹೆದರಬೇಕು. ಮೇಲಿನ ವ್ಯಾಯಾಮ ನಿಮಗೂ ಅದೇ, ಎರಡು-ಮೂರು ಕೆಜಿ ಡಂಬೆಲ್‌ನಿಂದ ಶುರು ಮಾಡಿ ಏರಿಸಿಕೊಳ್ಳುತ್ತಾ ಹೋಗಿ.

ಇನ್ನು ಸಾರು. ತಿಳಿಸಾರಿನ ಒಂದು ಸೌಟಿನಲ್ಲಿ ಎರಡು-ಮೂರು ಗ್ರಾಂ ಪ್ರೋಟೀನ್ ಇದ್ದರೆ ಹೆಚ್ಚು. ಬಸ್ಸಾರು ಮಾಡುವ ದಿನ ಗಮನಿಸಿ: ಬಸಿದ ನೀರು ಸಾರಿಗೆ ಹೋಗುತ್ತದೆ, ಕಾಳು ಪಲ್ಯಕ್ಕೆ. ಪ್ರೋಟೀನ್ ಇರುವುದು ಪಲ್ಯದ ಪಾತ್ರೆಯಲ್ಲಿ. ತಟ್ಟೆಯಲ್ಲಿ ಮಾತ್ರ ಅನ್ನ ಗುಡ್ಡದಷ್ಟು, ಪಲ್ಯ ಚಿಟಿಕೆಯಷ್ಟು. ಅದನ್ನು ತಿರುಗಿಸಿ. ಮೊಳಕೆ ಬಂದ ಕಾಳು ನೀರು ಕುಡಿದು ಉಬ್ಬಿರುತ್ತದೆ, ಬಟ್ಟಲು ತುಂಬಿದಂತೆ ಕಂಡರೂ ಒಣ ಕಾಳು ಹಿಡಿಯಷ್ಟೇ. ಆದ್ದರಿಂದ ಯಾವತ್ತೂ ಒಣಗಿದ್ದಾಗಲೇ ತೂಗಿ.

ನಿಮಗೆ ದಿನಕ್ಕೆ ಸುಮಾರು 80 ಗ್ರಾಂ ಬೇಕು. ಬೆಳಿಗ್ಗೆ 60 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ದೋಸೆಯಲ್ಲಿ 14. ಮಧ್ಯಾಹ್ನ 40 ಗ್ರಾಂ ತೊಗರಿಬೇಳೆಯ ಗಟ್ಟಿ ತೊವ್ವೆಯಲ್ಲಿ 9, ಜೊತೆಗೆ 30 ಗ್ರಾಂ ಸೋಯಾ ಚಂಕ್ಸ್ ಹಾಕಿದ ಸಾಗುವಿನಲ್ಲಿ 15. ರಾತ್ರಿ ಅರ್ಧ ಲೀಟರ್ ಹಾಲು ಒಡೆದು ಮಾಡಿದ ಪನೀರಿನಲ್ಲಿ 13. ನಂದಿನಿಯ ನೀಲಿ ಪ್ಯಾಕೆಟ್ ಸಾಕು, ಶೇ 3 ಕೊಬ್ಬಿನ ಟೋನ್ಡ್ ಹಾಲು ಅದು. ಅಂಗಡಿ ಪನೀರು 100 ಗ್ರಾಂ ತಂದರೆ 18 ಗ್ರಾಂ ಪ್ರೋಟೀನಿನ ಜೊತೆ 20 ಗ್ರಾಂಗೂ ಮೀರಿ ಕೊಬ್ಬು ಬರುತ್ತದೆ. ಒಂದು ಬಟ್ಟಲು ಮೊಸರಿನಲ್ಲಿ 7, ಸಂಜೆಗೆ ಒಂದು ಹಿಡಿ ಹುರಿಗಡಲೆಯಲ್ಲಿ 6, ದಿನದ ಕಾಫಿಗೆಲ್ಲ ಸೇರಿ 200 ಎಂಎಲ್ ಹಾಲಿನಲ್ಲಿ 6. ಎರಡು ಚಪಾತಿಯ ಹಿಟ್ಟು, 60 ಗ್ರಾಂ ಅಕ್ಕಿಯ ಅನ್ನ ಎಂದರೆ ಇನ್ನೊಂದು ಹತ್ತು. ಎಣ್ಣೆ ಮೂರು ಟೀ ಚಮಚದಲ್ಲಿ ನಿಂತರೆ ಇಷ್ಟೂ ಸೇರಿ 1600 ಕ್ಯಾಲೊರಿ ಹತ್ತಿರ ಬರುತ್ತದೆ. ಹಸಿವು ಕಾಡಿದರೆ ಸೊಪ್ಪು, ತರಕಾರಿ ಎಷ್ಟಾದರೂ ತಿನ್ನಿ. ಕಡಲೆಕಾಯಿಯನ್ನು ಪ್ರೋಟೀನ್ ಲೆಕ್ಕಕ್ಕೆ ಹಿಡಿಯಬೇಡಿ: 100 ಗ್ರಾಂಗೆ 25 ಗ್ರಾಂ ಪ್ರೋಟೀನ್ ನಿಜ, ಆದರೆ 560 ಕ್ಯಾಲೊರಿಯೂ ಅದರ ಜೊತೆಗೇ.

ಪ್ರಶ್ನೆ: ಕರಿದದ್ದು ತಿನ್ನುವುದೇ ಇಲ್ಲ, ಅನ್ನವನ್ನೂ ಅರ್ಧ ಮಾಡಿದ್ದೇವೆ. ಆದರೂ ಇಬ್ಬರಿಗೂ ತೂಕ ಇಳಿಯುತ್ತಿಲ್ಲ.
– ದಂಪತಿ, ಬಸವನಗುಡಿ

ಉತ್ತರ: ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ ತರುತ್ತೀರಿ? ನಾಲ್ಕು ಜನರ ಮನೆಗೆ ನಾಲ್ಕು ಲೀಟರ್ ಎಂದರೆ ತಲಾ ಒಂದು ಲೀಟರ್, ತೂಕದಲ್ಲಿ 910 ಗ್ರಾಂ. ದಿನಕ್ಕೆ 30 ಗ್ರಾಂ, ಸುಮಾರು 270 ಕ್ಯಾಲೊರಿ, ತುಪ್ಪ ಬೇರೆ. ಕರಿಯದಿದ್ದರೂ ಒಗ್ಗರಣೆ, ಪಲ್ಯ, ದೋಸೆ ಕಾವಲಿ ಇಷ್ಟನ್ನು ನುಂಗುತ್ತವೆ, ಏಕೆಂದರೆ ಕ್ಯಾನಿನಿಂದ ನೇರ ಬಾಣಲೆಗೆ ಸುರಿಯುವ ಕೈಗೆ ಅಳತೆ ತಿಳಿಯದು. ಒಲೆ ಪಕ್ಕ ಒಂದು ಟೀ ಚಮಚ ಇಡಿ. ತಿಂಗಳ ಸಾಮಾನಿನ ಚೀಟಿಯಲ್ಲಿ ಎರಡೂವರೆ ಲೀಟರ್ ಅಂತಲೇ ಬರೆಯಿರಿ.

ಆಮೇಲೆ ಕಾಫಿ. ನೂರು ಎಂಎಲ್ ಹಾಲು, ಎರಡು ಚಮಚ ಸಕ್ಕರೆ ಹಾಕಿದ ಲೋಟಕ್ಕೆ ನೂರು ಕ್ಯಾಲೊರಿ. ನಾಲ್ಕು ಲೋಟವಾದರೆ ನಾನೂರು. ಸಕ್ಕರೆ ಬಿಟ್ಟರೆ 160 ಉಳಿಯಿತು, ಎಣ್ಣೆಯಲ್ಲಿ 100 ಉಳಿಯಿತು. ಅನ್ನದ ತಂಟೆಗೇ ಹೋಗಬೇಕಿಲ್ಲ. ಭಾನುವಾರದ ದರ್ಶಿನಿಯಲ್ಲಿ ಎರಡು ಇಡ್ಲಿ, ಬೈ ಟು ಕಾಫಿ ತೊಂದರೆಯಿಲ್ಲ; ‘ಒಂದು ವಡೆನೂ ಹಾಕಿ’ ಅನ್ನುವಲ್ಲಿ ಉಳಿತಾಯ ಸೋರುತ್ತದೆ.

ಪ್ರಶ್ನೆ: ಐದು ವಾರದಿಂದ ತೂಕ ಒಂದೇ. ಪ್ಯಾಂಟ್ ಮಾತ್ರ ಸಡಿಲವಾಗಿದೆ. ಜಿಮ್‌ನ ಯಂತ್ರ ಒಂದು ದಿನ ಕೊಬ್ಬು ಶೇ 27 ಅನ್ನುತ್ತದೆ, ಮರುದಿನ 31. ಯಾವುದನ್ನು ನಂಬಲಿ?
– ಓದುಗರು, ವಿಜಯನಗರ

ಉತ್ತರ: ಪ್ಯಾಂಟನ್ನು. ಆ ಯಂತ್ರ ಮೈಯೊಳಗೆ ಸಣ್ಣ ವಿದ್ಯುತ್ ಹರಿಸಿ, ಎಷ್ಟು ತಡೆ ಬಂತು ಎಂಬುದರಿಂದ ಕೊಬ್ಬನ್ನು ಅಂದಾಜು ಮಾಡುತ್ತದೆ. ನೀರು ಕುಡಿದಿದ್ದೀರಾ, ಬೆವರಿದ್ದೀರಾ ಎನ್ನುವುದರ ಮೇಲೆ ಅಂಕಿ ಕುಣಿಯುತ್ತದೆ. ತೂಕದ ಕಥೆಯೂ ಅಷ್ಟೇ: ಮಾಂಸಖಂಡದಲ್ಲಿ ಕೂಡುವ ಪ್ರತಿ ಗ್ರಾಂ ಗ್ಲೈಕೋಜೆನ್ (ದೇಹ ಕೂಡಿಟ್ಟ ಸಕ್ಕರೆ) ಸುಮಾರು ಮೂರು ಗ್ರಾಂ ನೀರು ಹಿಡಿದಿಡುತ್ತದೆ, ಹಾಗಾಗಿ ಬೀಗರ ಊಟದ ಮರುದಿನ ಒಂದು ಕೆಜಿ ಏರಿದರೆ ಅದು ಬೊಜ್ಜಲ್ಲ. ಬೆಳಿಗ್ಗೆ ಶೌಚ ಮುಗಿಸಿ, ಏನೂ ಕುಡಿಯುವ ಮೊದಲು ತೂಗಿ, ವಾರದ ಸರಾಸರಿಯನ್ನು ಮಾತ್ರ ಹೋಲಿಸಿ. ಟೈಲರ್ ಟೇಪನ್ನು ಹೊಕ್ಕುಳ ಮಟ್ಟದಲ್ಲಿ, ಉಸಿರು ಬಿಟ್ಟು, ಹೊಟ್ಟೆ ಎಳೆದುಕೊಳ್ಳದೆ ಸುತ್ತಿ ಅಳೆಯಿರಿ. ನಮ್ಮ ಕಡೆಯ ಗಂಡಸರಿಗೆ ಸೊಂಟ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ತೂಕ ನಿಂತು ಸೊಂಟ ಇಳಿಯುತ್ತಿದ್ದರೆ ಏನನ್ನೂ ಬದಲಿಸಬೇಡಿ. ಎರಡೂ ಮೂರು ವಾರ ನಿಂತರೆ ಆಗ ದಿನಕ್ಕೆ 150 ಕ್ಯಾಲೊರಿ ಕಡಿಮೆ ಮಾಡಿ.

ಪ್ರಶ್ನೆ: ರಾತ್ರಿ ಪಾಳಿ. ನಿದ್ದೆ ಐದು ಗಂಟೆ. ಡಯಟ್ ಸರಿಯಿದ್ದರೆ ಸಾಲದೇ?
– ಓದುಗರು, ಬೆಳ್ಳಂದೂರು

ಉತ್ತರ: ಸಾಲದು. ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಸಣ್ಣ ಪ್ರಯೋಗವೊಂದರಲ್ಲಿ ಹತ್ತು ಜನಕ್ಕೆ ಊಟ ಒಂದೇ ರೀತಿ ಕಡಿಮೆ ಮಾಡಿ, 14 ದಿನ ಎಂಟೂವರೆ ಗಂಟೆ, ಇನ್ನೊಂದು 14 ದಿನ ಐದೂವರೆ ಗಂಟೆ ಮಲಗಲು ಬಿಟ್ಟರು. ಇಳಿದ ತೂಕ ಎರಡರಲ್ಲೂ ಸುಮಾರು ಮೂರು ಕೆಜಿ. ಅದರಲ್ಲಿ ಕೊಬ್ಬು ಮೊದಲನೆಯದರಲ್ಲಿ 1.4 ಕೆಜಿ, ಎರಡನೆಯದರಲ್ಲಿ ಬರೀ 0.6. ಕಿಟಕಿಗೆ ದಪ್ಪ ಪರದೆ ಹಾಕಿ, ಪಾಳಿಯ ಕೊನೆಯ ಆರು ಗಂಟೆ ಕಾಫಿ ಬಿಡಿ, ಭಾರ ಎತ್ತುವುದನ್ನು ಎದ್ದ ಮೇಲೆ ಇಟ್ಟುಕೊಳ್ಳಿ.

ಪ್ರಶ್ನೆ: ವೇ ಪುಡಿ, ಕ್ರಿಯೇಟಿನ್ ಕಿಡ್ನಿಗೆ ಹಾನಿಯೇ? ಫ್ಯಾಟ್ ಬರ್ನರ್ ತಗೊಳ್ಳಬಹುದೇ?
– ವಿದ್ಯಾರ್ಥಿ, ಯಲಹಂಕ

ಉತ್ತರ: ಫ್ಯಾಟ್ ಬರ್ನರ್ (ಬೊಜ್ಜು ಕರಗಿಸುತ್ತದೆ ಎಂದು ಮಾರುವ ಮಾತ್ರೆ, ಪುಡಿ) ಬೇಡ, ಹೆಚ್ಚಿನವುಗಳಲ್ಲಿ ಇರುವುದು ದುಬಾರಿ ಕೆಫೀನ್. ವೇ ಎಂದರೆ ಹಾಲು ಒಡೆದಾಗ ಉಳಿಯುವ ನೀರಿನ ಪ್ರೋಟೀನ್. ಕಿಡ್ನಿ ಆರೋಗ್ಯವಾಗಿದ್ದವರಿಗೆ ದಿನಕ್ಕೊಂದು ಸ್ಕೂಪ್ ತೊಂದರೆಯಿಲ್ಲ. ಡಬ್ಬಿಯ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ಲೈಸೆನ್ಸ್ ಸಂಖ್ಯೆ ಇದೆಯೇ ನೋಡಿ, ಬಿಡಿಯಾಗಿ ಕವರಿನಲ್ಲಿ ಕಟ್ಟಿಕೊಡುವುದನ್ನು ಕೊಳ್ಳಬೇಡಿ. ಭಾರ ಎತ್ತುವ ಶಕ್ತಿಗೆಂದು ತೆಗೆದುಕೊಳ್ಳುವ ಕ್ರಿಯೇಟಿನ್ ಮೊನೊಹೈಡ್ರೇಟ್ ದಿನಕ್ಕೆ 3ರಿಂದ 5 ಗ್ರಾಂ, ಯಾವ ಹೊತ್ತಿಗಾದರೂ ಸರಿ. ಶುರುವಿನಲ್ಲಿ ಒಂದು ಕೆಜಿಯಷ್ಟು ತೂಕ ಏರಬಹುದು, ಅದು ಮಾಂಸಖಂಡ ಹಿಡಿದ ನೀರು. ರಕ್ತ ಪರೀಕ್ಷೆಯಲ್ಲಿ ಕಿಡ್ನಿಯ ಸ್ಥಿತಿ ತಿಳಿಯಲು ನೋಡುವ ಕ್ರಿಯೇಟಿನೈನ್ ಅಂಕಿಯೂ ತುಸು ಮೇಲೆ ಬರಬಹುದು, ಆದ್ದರಿಂದ ವರದಿ ತೋರಿಸುವಾಗ ಕ್ರಿಯೇಟಿನ್ ತೆಗೆದುಕೊಳ್ಳುತ್ತಿರುವುದನ್ನು ಡಾಕ್ಟರಿಗೆ ಮೊದಲೇ ಹೇಳಿಬಿಡಿ.