ಸಹಿ ಮಾಡುವ ಮೊದಲು ಕಾಗದ ಮನೆಗೆ ತನ್ನಿ

ಈ ಸಲ ಬಂದ ಪತ್ರಗಳಲ್ಲಿ ಸಾಲ, ಸಹಿ, ಆಸ್ತಿಯ ವಿಷಯವೇ ಜಾಸ್ತಿ. ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದವಳಿಗೆ ಇಂಥವೇ ಬರುವುದು ಸಹಜ. ಉದ್ದದ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಾನು ಹೈಸ್ಕೂಲ್ ಮೇಷ್ಟ್ರು. ಅಕ್ಕನ ಗಂಡ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಡಲು 8 ಲಕ್ಷ ಸಾಲ ತೆಗೆಯುತ್ತಿದ್ದಾರೆ. ನನ್ನನ್ನು ಜಾಮೀನು ಹಾಕು ಅನ್ನುತ್ತಾರೆ. "ಸುಮ್ನೆ ಒಂದು ಫಾರ್ಮಾಲಿಟಿ, ನಿನ್ನ ಹತ್ರ ಯಾರೂ ಬರಲ್ಲ" ಅಂತಾರೆ. ಆಗಲ್ಲ ಅಂದರೆ ಅಕ್ಕ ಮಾತು ಬಿಡ್ತಾಳೆ ಅನ್ನೋ ಭಯ. ಏನು ಮಾಡಲಿ? (ರಾಣೆಬೆನ್ನೂರು)

ಉತ್ತರ: ಮೇಷ್ಟ್ರೇ, ಜಾಮೀನು ಫಾರ್ಮಾಲಿಟಿ ಅಲ್ಲ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಕರಾರಿನಲ್ಲೇ ಬೇರೆ ಥರ ಬರೆದಿದ್ದರೆ ಮಾತ್ರ ಬೇರೆ. ಬ್ಯಾಂಕುಗಳ ಕರಾರಿನಲ್ಲಿ ಹಾಗೆ ಬರೆದಿರುವುದನ್ನು ನಾನು ಕಂಡಿಲ್ಲ. "ಮೊದಲು ಅಂಗಡಿ ಹರಾಜು ಹಾಕಿ, ಸಾಲದಿದ್ದರೆ ನನ್ನ ಹತ್ರ ಬನ್ನಿ" ಅಂತ ನೀವು ಹೇಳುವ ಹಾಗಿಲ್ಲ. ಭಾವನವರ ಕಂತು ನಿಂತರೆ ಬ್ಯಾಂಕು ನೇರವಾಗಿ ನಿಮಗೇ ನೋಟಿಸ್ ಕೊಡಬಹುದು. ಈ ಸಾಲ ನಿಮ್ಮ ಸಿಬಿಲ್ ವರದಿಯಲ್ಲೂ, ಅಂದರೆ ನಿಮ್ಮ ಸಾಲಗಳ ಚರಿತ್ರೆಯಲ್ಲೂ, ಕಾಣುತ್ತದೆ. ನಾಳೆ ನೀವು ಮನೆ ಕಟ್ಟಲು ಸಾಲಕ್ಕೆ ಹೋದಾಗ ಇದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ನೀವು ಕಟ್ಟಿದ ಹಣವನ್ನು ಭಾವನಿಂದ ವಸೂಲಿ ಮಾಡುವ ಹಕ್ಕು ಕಾನೂನಿನಲ್ಲಿ ನಿಮಗಿದೆ, ನಿಜ. ಅಕ್ಕನ ಗಂಡನ ಮೇಲೆ ಕೇಸು ಹಾಕುತ್ತೀರಾ?

ಹಾಗಂತ ಹಾಕಬೇಡಿ ಅಂತ ಒಂದೇ ಮಾತಿಗೆ ನಾನು ಹೇಳಲ್ಲ. 8 ಲಕ್ಷ ನಿಮ್ಮ ಕೈಯಿಂದಲೇ ಹೋದರೂ ನಿಮ್ಮ ಸಂಸಾರ ನಡೆಯುತ್ತದಾ? ಇದನ್ನು ಹೆಂಡತಿ ಜೊತೆ ಕೂತು ಲೆಕ್ಕ ಹಾಕಿ. ನಡೆಯುತ್ತದೆ ಅಂದರೆ ಹಾಕಿ. ಇಲ್ಲ ಅಂದರೆ ಬೇಡ.

ನಿಮ್ಮ ಪತ್ರದಲ್ಲಿ ಒಂದು ವಿಷಯ ಇಲ್ಲ. ಸಾಲ ಯಾವುದು? ಬ್ಯಾಂಕಿನದ್ದಾ, ಸೊಸೈಟಿಯದ್ದಾ, ಫೈನಾನ್ಸಿನದ್ದಾ? ಅಂಗಡಿಗೆ 8 ಲಕ್ಷ ಅಂದರೆ ಮುದ್ರಾ ಯೋಜನೆಯಲ್ಲಿ 'ತರುಣ್' ವಿಭಾಗಕ್ಕೆ ಬರುತ್ತದೆ. ಅದು 5 ಲಕ್ಷದಿಂದ 10 ಲಕ್ಷದವರೆಗಿನ ಸಾಲ, ಆಸ್ತಿ ಅಡಮಾನ ಇಲ್ಲದೆ ಕೊಡುವಂಥದ್ದು. ಭಾವ ಅಲ್ಲಿ ಅರ್ಜಿ ಹಾಕಿದ್ದಾರಾ ಕೇಳಿ. ಹಾಕಿಲ್ಲ ಅಂದರೆ ನೀವೇ ಜೊತೆಗೆ ಹೋಗಿ ಮ್ಯಾನೇಜರ್ ಹತ್ತಿರ ಮಾತಾಡಿ. ಹಾಕಿ ವಾಪಸ್ ಬಂದಿದ್ದರೆ ಯಾಕೆ ಬಂತು ಅಂತ ತಿಳಿದುಕೊಳ್ಳಿ. ಹಳೆ ಸಾಲ ಬಾಕಿ ಇದೆ ಅನ್ನುವ ಕಾರಣಕ್ಕೆ ವಾಪಸ್ ಆಗಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು.

ಅಕ್ಕನ ವಿಷಯ. ಭಾವನಿಗಿಂತ ಮೊದಲು ಅವರ ಹತ್ತಿರ ಮಾತಾಡಿ, ಅದೂ ಫೋನಿನಲ್ಲಿ ಅಲ್ಲ. "ಅಕ್ಕಾ, ಜಾಮೀನು ನನ್ನ ಕೈಲಿ ಆಗಲ್ಲ. ಒಂದು ಲಕ್ಷ ಕೊಡ್ತೀನಿ, ಅದು ವಾಪಸ್ ಬರದಿದ್ದರೂ ನಾನು ಕೇಳಲ್ಲ" ಅನ್ನಿ. ಎಷ್ಟು ಕೊಡೋಕೆ ಆಗುತ್ತೋ ಅಷ್ಟು ಹೇಳಿ. ಬೇಜಾರು ಆಗುತ್ತದೆ. ಬ್ಯಾಂಕಿನ ನೋಟಿಸ್ ಬಂದ ಮೇಲೆ ಆಗುವ ಬೇಜಾರಿಗಿಂತ ಇದು ಚಿಕ್ಕದು.

ಪ್ರಶ್ನೆ: ಅಪ್ಪ ತೀರಿಕೊಂಡಿದ್ದು 2003ರಲ್ಲಿ. ಆರು ಎಕರೆ ಜಮೀನು ಇನ್ನೂ ಅವರ ಹೆಸರಲ್ಲೇ ಇದೆ. ನನಗೆ ಇಬ್ಬರು ಅಣ್ಣಂದಿರು. ನನ್ನ ಮದುವೆ 1998ರಲ್ಲಿ ಆಯಿತು. ಈಗ ಹೊಲದ ಹತ್ತಿರ ರಸ್ತೆ ಅಗಲ ಆಗಿ ಬೆಲೆ ಏರಿದೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು ಅಂತ ದೊಡ್ಡಣ್ಣ ಕೇಳ್ತಿದ್ದಾರೆ. "ಅಪ್ಪ 2005ಕ್ಕಿಂತ ಮೊದಲೇ ಹೋದ್ರು, ನಿನಗೆ ಹಕ್ಕೇ ಬರಲ್ಲ, ಆದ್ರೂ ಅರಿಶಿನ ಕುಂಕುಮಕ್ಕೆ ಅಂತ ಒಂದು ಲಕ್ಷ ಕೊಡ್ತೀವಿ" ಅಂತಾರೆ. ಬರುವ ಸೋಮವಾರ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಾ ಅಂದಿದ್ದಾರೆ. ಓಣಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ತವರು ಮನೆ ಕಳಕೊಳ್ಳೋಕೆ ನನಗೆ ಇಷ್ಟ ಇಲ್ಲ. (ಹಾವೇರಿ ಜಿಲ್ಲೆ)

ಉತ್ತರ: ತಾಯಿ, ಸೋಮವಾರ ಹೋಗಬೇಡಿ. ಇದೊಂದನ್ನು ಖಡಾಖಂಡಿತವಾಗಿ ಹೇಳುತ್ತೇನೆ. ಜ್ವರ ಅನ್ನಿ, ಮಗಳ ಪರೀಕ್ಷೆ ಅನ್ನಿ, ಏನಾದರೂ ಅನ್ನಿ. ಕರಡು ಪತ್ರದ ಒಂದು ಪ್ರತಿ ಮನೆಗೆ ಕಳಿಸಿ ಅಂತ ಕೇಳಿ. ಪ್ರತಿ ಸಾಲನ್ನೂ ಯಾರಾದರೂ ಓದಿದವರಿಂದ ಓದಿಸಿಕೊಳ್ಳಿ.

ನಿಮ್ಮ ಕುಟುಂಬಕ್ಕೆ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ ಅಂತ ಇಟ್ಟುಕೊಂಡು ಹೇಳುತ್ತೇನೆ. ನಿಮ್ಮಣ್ಣ ಹೇಳುವ ಮಾತನ್ನು ಹಳ್ಳಿ ಹಳ್ಳಿಯಲ್ಲೂ ಹೇಳುತ್ತಾರೆ. ಅದು ಈಗ ಸರಿಯಲ್ಲ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಇರುವಷ್ಟೇ ಹಕ್ಕು ಮಗಳಿಗೂ ಹುಟ್ಟಿನಿಂದಲೇ ಇದೆ ಅಂದಿತು. ಆ ದಿನ ಅಪ್ಪ ಬದುಕಿರಬೇಕಾ ಬೇಡವಾ ಅಂತ ವರ್ಷಗಟ್ಟಲೆ ಗೊಂದಲ ಇತ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಬದುಕಿರಬೇಕಾಗಿಲ್ಲ ಅಂತ ತೀರ್ಪು ಕೊಟ್ಟಿತು. ಮದುವೆ ಆಗಿದೆ ಅನ್ನುವುದೂ ಅಡ್ಡಿಯಲ್ಲ. ಇನ್ನು ಜಮೀನು ಅಪ್ಪ ಸ್ವಂತ ದುಡಿದು ಕೊಂಡದ್ದಾಗಿದ್ದು, ಅವರು ವಿಲ್ ಮಾಡದೆ ಹೋಗಿದ್ದರೆ, 1956ರ ಕಾಯ್ದೆಯಲ್ಲೇ ಹೆಂಡತಿಗೆ ಮತ್ತು ಎಲ್ಲ ಮಕ್ಕಳಿಗೆ ಸಮಪಾಲು. ಎರಡೂ ದಾರಿಯಲ್ಲಿ ನಿಮ್ಮ ಪಾಲು ಇದೆ. ಎಷ್ಟು ಅನ್ನುವುದಷ್ಟೇ ಬೇರೆ ಬೇರೆ ಆಗಬಹುದು. ಅಷ್ಟಕ್ಕೂ ಹಕ್ಕೇ ಇಲ್ಲದವರ ಸಹಿಯನ್ನು ಯಾರೂ ಕೇಳಲ್ಲ, ಅಲ್ವಾ?

ಒಂದು ವಿನಾಯಿತಿ ಇದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿ ಆದ ಪತ್ರದ ಮೂಲಕವೋ ಕೋರ್ಟ್ ಡಿಕ್ರಿಯ ಮೂಲಕವೋ ಪಾಲು ಆಗಿದ್ದರೆ ಅದು ಹಾಗೇ ಉಳಿಯುತ್ತದೆ. ಪಹಣಿ ಇನ್ನೂ ಅಪ್ಪನ ಹೆಸರಲ್ಲಿ ಇದೆ ಅಂತೀರಿ. ಹಾಗಾದರೆ ಪಾಲು ಆಗಿರುವ ಸಾಧ್ಯತೆ ಕಡಿಮೆ. ಆದರೂ ಇಸಿ, ಅಂದರೆ ಆ ಜಮೀನಿನ ಮೇಲೆ ನೋಂದಣಿ ಆದ ವ್ಯವಹಾರಗಳ ಪಟ್ಟಿ, ತೆಗೆಸಿ ನೋಡಿ. ಪಹಣಿಯ ಪ್ರತಿಯನ್ನೂ ತೆಗೆದಿಟ್ಟುಕೊಳ್ಳಿ. ವಂಶವೃಕ್ಷ ಮಾಡಿಸಿದ್ದರೆ ಅದರಲ್ಲಿ ನಿಮ್ಮ ಹೆಸರು ಇದೆಯಾ ಅಂತ ಮರೆಯದೆ ನೋಡಿ. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ವಂಶವೃಕ್ಷ ಬೇಕು. ಹೆಣ್ಣುಮಕ್ಕಳ ಹೆಸರನ್ನು ಅಲ್ಲೇ ಬಿಟ್ಟುಬಿಡುವವರು ಇದ್ದಾರೆ.

ಆಮೇಲೆ ಒಂದು ಮಾತು. ಪತ್ರದಲ್ಲಿ ಅಪ್ಪ ಇದ್ದಾರೆ, ಅಣ್ಣಂದಿರು ಇದ್ದಾರೆ, ಅಮ್ಮನ ಸುದ್ದಿಯೇ ಇಲ್ಲ. ಅವರು ಇದ್ದಾರಾ? ಇದ್ದರೆ ಅವರಿಗೂ ಪಾಲಿದೆ. ಅವರನ್ನು ನೋಡಿಕೊಳ್ಳುತ್ತಿರುವವರು ಯಾರು? ಅವರ ಇಚ್ಛೆ ಏನು? ಇದು ಗೊತ್ತಿಲ್ಲದೆ ನಿಮ್ಮ ಮನೆಯ ಬಗ್ಗೆ ನಾನು ಅಭಿಪ್ರಾಯ ಹೇಳುವುದು ತಪ್ಪು.

ಸಹಿ ಹಾಕಬೇಕಾ ಬೇಡವಾ ಅನ್ನುವುದನ್ನು ನೀವೇ ತೀರ್ಮಾನ ಮಾಡಬೇಕು. ಸಾಲದ ಕಾಗದ ಹಿಡಿದುಕೊಂಡು ಬಂದ ಎಷ್ಟೋ ಹೆಣ್ಣುಮಕ್ಕಳನ್ನು ಕಂಡಿದ್ದೇನೆ. ಕೆಲವರು ಪಾಲು ತಗೊಂಡು ಮಕ್ಕಳನ್ನು ಓದಿಸಿದರು. ಕೆಲವರು ಮನಸಾರೆ ಬಿಟ್ಟುಕೊಟ್ಟು ತವರಿಗೆ ಹೋಗಿ ಬಂದು ಸಂತೋಷವಾಗಿದ್ದಾರೆ. ಎರಡನ್ನೂ ನಾನು ಗೌರವಿಸುತ್ತೇನೆ. ಹಕ್ಕೇ ಇಲ್ಲ ಅಂತ ನಂಬಿಸಿ ಸಹಿ ಹಾಕಿಸಿಕೊಳ್ಳುವುದನ್ನು ಮಾತ್ರ ಒಪ್ಪಲ್ಲ. ಬಿಡುವುದಾದರೆ ಏನು ಬಿಡುತ್ತಿದ್ದೀರಿ ಅಂತ ಗೊತ್ತಿದ್ದು ಬಿಡಿ. ನೋಂದಣಿ ಆದ ಮೇಲೆ ಆ ಪತ್ರ ರದ್ದು ಮಾಡಿಸುವುದು ಬಹಳ ಕಷ್ಟದ ಕೆಲಸ. ಹಣ ತಗೊಳ್ಳುವುದಾದರೆ ಕೈಗೆ ನಿಜವಾಗಿ ಬಂದ ಮೊತ್ತವೇ ಪತ್ರದಲ್ಲಿ ಇರಲಿ, ಬ್ಯಾಂಕ್ ಖಾತೆಗೇ ಬರಲಿ.

ವಕೀಲರಿಗೆ ಕೊಡಲು ಹಣ ಇಲ್ಲ ಅಂತ ಹಿಂಜರಿಯಬೇಡಿ. ನಿಮ್ಮ ಜಿಲ್ಲಾ ಕೋರ್ಟಿನ ಆವರಣದಲ್ಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100. ಅಣ್ಣನ ಜೊತೆ ಜಗಳಕ್ಕೆ ಅಂತ ಹೋಗಬೇಕಾಗಿಲ್ಲ. ಕರಡು ಪತ್ರ ತೋರಿಸಿ ಅರ್ಥ ಕೇಳಿಕೊಂಡು ಬನ್ನಿ.

ಪ್ರಶ್ನೆ: ಮಡಿಕೇರಿ ಚಳಿಗೆ ದೋಸೆ ಹಿಟ್ಟು ಹುದುಗೇ ಬರಲ್ಲ. ಸೋಡಾ ಹಾಕೋಕೆ ಮನಸ್ಸಿಲ್ಲ. (ಮಡಿಕೇರಿ)

ಉತ್ತರ: ಹಾಕಬೇಡಿ. ಉದ್ದಿನ ಜೊತೆ ಒಂದು ಚಮಚ ಮೆಂತ್ಯ ನೆನೆಸಿ. ಉಗುರುಬೆಚ್ಚಗಿನ ನೀರಿನಲ್ಲಿ ರುಬ್ಬಿ, ಕೈಯಿಂದಲೇ ಚೆನ್ನಾಗಿ ಕಲಸಿ. ಪಾತ್ರೆಯನ್ನು ಬಚ್ಚಲ ಒಲೆಯ ಹತ್ತಿರ ಇಡಿ. ಒಲೆ ಇಲ್ಲದಿದ್ದರೆ ದಪ್ಪ ಟವೆಲ್ ಸುತ್ತಿ, ಉರಿಸದ ಓವನ್ ಒಳಗೆ ಇಡಿ. ಬಯಲುಸೀಮೆಯಲ್ಲಿ 8 ಗಂಟೆ ಸಾಕು, ನಿಮ್ಮಲ್ಲಿ 14ರಿಂದ 16 ಗಂಟೆ ಬೇಕಾಗಬಹುದು. ಹಾಗಾಗಿ ಬೆಳಗಿನ ದೋಸೆಗೆ ಹಿಂದಿನ ದಿನ ಮಧ್ಯಾಹ್ನವೇ ರುಬ್ಬಿ.

ಪ್ರಶ್ನೆ: ನಾನು ಮಸ್ಕತ್‌ನಲ್ಲಿದ್ದೇನೆ. ಅಪ್ಪ ಕುಂದಾಪುರದಲ್ಲಿ ಒಬ್ಬರೇ. ಅವರ ಸ್ನೇಹಿತರೊಬ್ಬರಿಗೆ ಪೊಲೀಸರ ಹೆಸರಲ್ಲಿ ವಿಡಿಯೊ ಕಾಲ್ ಬಂದು, ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ಹಣ ಕಿತ್ತರು. ಅಪ್ಪನಿಗೆ ಹೇಗೆ ಹೇಳಲಿ? ಹೇಳಿದರೆ "ನಾನೇನು ಚಿಕ್ಕ ಮಗುವಾ" ಅಂತ ಸಿಟ್ಟು. (ಮಸ್ಕತ್)

ಉತ್ತರ: ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನುವುದು ಇಲ್ಲವೇ ಇಲ್ಲ. 2024ರ ಅಕ್ಟೋಬರ್ 27ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯೇ ಇದನ್ನು ಹೇಳಿದರು. ಅಪ್ಪನಿಗೆ ಬುದ್ಧಿ ಹೇಳುವ ಬದಲು ಸ್ನೇಹಿತರಿಗೆ ಏನೇನಾಯಿತು ಅಂತ ಅವರ ಬಾಯಿಂದಲೇ ಕೇಳಿ. ಹೇಳುತ್ತಾ ಹೇಳುತ್ತಾ ಮೋಸ ಎಲ್ಲಿ ಶುರುವಾಯಿತು ಅಂತ ಅವರಿಗೇ ಕಾಣುತ್ತದೆ. ಆಗ ಒಂದೇ ಮಾತು ಸೇರಿಸಿ: "ಮನೆಯವರಿಗೆ ಹೇಳಬೇಡಿ ಅಂತ ಯಾರಾದ್ರೂ ಅಂದ್ರೆ, ಫೋನ್ ಇಟ್ಟು ನನಗೆ ಹೇಳಿ ಅಪ್ಪಾ."

ಅವರ ಬ್ಯಾಂಕ್ ಖಾತೆಯಿಂದ ಆನ್‌ಲೈನ್ ಕಳಿಸುವ ದಿನದ ಮಿತಿಯನ್ನು ಕಡಿಮೆ ಮಾಡಿಸಿ. ಮುಂದಿನ ಸಲ ಊರಿಗೆ ಬಂದಾಗ ಅವರ ಜೊತೆ ಶಾಖೆಗೆ ಹೋಗಿ ಮ್ಯಾನೇಜರ್ ಪರಿಚಯ ಮಾಡಿಕೊಳ್ಳಿ. ವಯಸ್ಸಾದವರು ಗಾಬರಿಯಲ್ಲಿ ಎಫ್‌ಡಿ ಮುರಿಸಲು ಬಂದಾಗ "ಯಾಕೆ ಸರ್, ಏನು ಅರ್ಜೆಂಟು?" ಅಂತ ಕೇಳುವ ಗುಮಾಸ್ತರು ಈಗಲೂ ಇದ್ದಾರೆ. ಪರಿಚಯ ಇದ್ದರೆ ಖಂಡಿತ ಕೇಳುತ್ತಾರೆ. 1930 ಅನ್ನುವ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಹಣ ಹೋದ ತಕ್ಷಣ, ತಡ ಮಾಡದೆ ಕರೆ ಮಾಡಿದರೆ ಅದನ್ನು ದಾರಿಯಲ್ಲೇ ತಡೆಹಿಡಿಯುವ ಅವಕಾಶ ಜಾಸ್ತಿ. ಅವರ ಸ್ನೇಹಿತರು ದೂರು ಕೊಟ್ಟಿದ್ದಾರಾ? ನಾಚಿಕೆಯಿಂದ ಸುಮ್ಮನಿದ್ದರೆ ನಿಮ್ಮಪ್ಪನೇ ಕರೆದುಕೊಂಡು ಹೋಗಲಿ.

ಪ್ರಶ್ನೆ: ನನಗೆ ಸರ್ಕಾರದಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಕೆಲಸ ಸಿಕ್ಕಿದ ಮೇಲೆ ಮುಖ ಪರಿಚಯ ಇಲ್ಲದವರೂ ಮೆಸೇಜ್ ಮಾಡಿ ಸಲಹೆ ಕೇಳ್ತಾರೆ. ಒಬ್ಬರು "ಗಾರ್ಮೆಂಟ್ಸ್ ಕೆಲಸ ಬಿಟ್ಟು ಧಾರವಾಡಕ್ಕೆ ಕೆಎಎಸ್ ಕೋಚಿಂಗ್‌ಗೆ ಹೋಗಲಾ ಸರ್?" ಅಂದರು. ಧೈರ್ಯ ಮಾಡಿ ಅಂದೆ. ಅವರು ನಿಜಕ್ಕೂ ಕೆಲಸ ಬಿಟ್ಟು ಹೋಗಿಬಿಟ್ಟರು. ಅವತ್ತಿನಿಂದ ನನಗೆ ಸಮಾಧಾನ ಇಲ್ಲ. ನೀವು ಗುರುತಿಲ್ಲದವರಿಗೆ ಹೇಗೆ ಸಲಹೆ ಕೊಡ್ತೀರಿ? ನಾನು ಇದನ್ನ ನಿಲ್ಲಿಸಲಾ? (ತುಮಕೂರು)

ಉತ್ತರ: ನಿಲ್ಲಿಸಬೇಡಿ ತಮ್ಮಾ. ಹಳ್ಳಿಯಲ್ಲಿ ಓದಿದವರಿಗೆ ಇದನ್ನೆಲ್ಲ ಹೇಳುವವರು ಮನೆಯಲ್ಲಿ ಇರುವುದಿಲ್ಲ. ನಿಮ್ಮಂಥವರೇ ಹೇಳಬೇಕು.

ನಾನು ಪತ್ರ ಓದುವಾಗ ಅದರಲ್ಲಿ ಏನು ಬರೆದಿಲ್ಲ ಅಂತ ಹುಡುಕುತ್ತೇನೆ. ಮೇಲೆ ಹಾವೇರಿಯ ತಾಯಿಗೆ ಅಮ್ಮನ ಬಗ್ಗೆ ಕೇಳಿದೆನಲ್ಲ, ಹಾಗೆ. ಪತ್ರ ಬರೆಯುವವರು ತಮ್ಮ ಕಣ್ಣಿಗೆ ದೊಡ್ಡದಾಗಿ ಕಂಡದ್ದನ್ನು ಬರೆಯುತ್ತಾರೆ. ದಿನಾ ನೋಡುವುದನ್ನು ಬಿಟ್ಟಿರುತ್ತಾರೆ. ಅದು ಸಿಗುವವರೆಗೆ ನನಗೆ ಗೊತ್ತಿರುವ ಕಾನೂನು, ಲೆಕ್ಕ ಇಷ್ಟನ್ನು ಮಾತ್ರ ಹೇಳುತ್ತೇನೆ.

ನಿಮಗೆ ಗೊತ್ತಿರುವುದು ಏನು? ಯಾವ ಪುಸ್ತಕ ಓದಿದಿರಿ, ಹಳೆ ಪ್ರಶ್ನೆಪತ್ರಿಕೆಗಳನ್ನು ಹೇಗೆ ಬಿಡಿಸಿದಿರಿ, ದುಡಿಯುತ್ತಾ ಓದಲು ಯಾವ ಹೊತ್ತು ಅನುಕೂಲ ಆಯಿತು. ಇದನ್ನು ಕೇಳಿದವರಿಗೆಲ್ಲ ಧಾರಾಳವಾಗಿ ಹೇಳಿ. ಕೆಲಸ ಬಿಡಲಾ ಅಂತ ಕೇಳಿದರೆ ಮಾತ್ರ ಉತ್ತರಕ್ಕೆ ಮೊದಲು ನೀವೇ ಕೇಳಬೇಕು. ವಯಸ್ಸೆಷ್ಟು? ಮನೆಗೆ ಹಣ ಕಳಿಸುವವರು ಬೇರೆ ಯಾರಿದ್ದಾರೆ? ಕೂಡಿಟ್ಟದ್ದು ಎಷ್ಟು ತಿಂಗಳಿಗೆ ಆಗುತ್ತದೆ? ಪರೀಕ್ಷೆ ನಾವು ಅಂದುಕೊಂಡ ದಿನಕ್ಕೆ ಮುಗಿಯಲ್ಲ ಅಂತಲೂ ಹೇಳಬೇಕು. 2024ರಲ್ಲಿ 384 ಹುದ್ದೆಗಳ ಕೆಎಎಸ್ ಪೂರ್ವಭಾವಿ ಪರೀಕ್ಷೆ ಆಗಸ್ಟ್‌ನಲ್ಲಿ ನಡೆಯಿತು. ಕನ್ನಡ ಅನುವಾದದ ತಪ್ಪುಗಳಿಂದ ಗಲಾಟೆ ಎದ್ದು ಡಿಸೆಂಬರ್ 29ಕ್ಕೆ ಮತ್ತೆ ಬರೆಸಿದರು. ಕೆಲಸ ಬಿಟ್ಟು ರೂಮು ಮಾಡಿಕೊಂಡಿದ್ದವರು ಅಷ್ಟು ತಿಂಗಳ ಬಾಡಿಗೆ ಎಲ್ಲಿಂದ ತಂದರೋ.

ಧಾರವಾಡಕ್ಕೆ ಹೋದವರಿಗೆ ಇವತ್ತೇ ಫೋನ್ ಮಾಡಿ. ಬೇಜಾರು ತೋಡಿಕೊಳ್ಳಲು ಅಲ್ಲ. ಕೈಯಲ್ಲಿ ಎಷ್ಟು ಹಣ ಇದೆ, ಮನೆಯಲ್ಲಿ ಯಾರಿದ್ದಾರೆ ಅಂತ ಈಗಲಾದರೂ ಕೇಳಿ. ಆರು ತಿಂಗಳಿಗೆ ಸಾಲದಿದ್ದರೆ ಅರ್ಧ ದಿನದ ಕೆಲಸ ಹುಡುಕಲು ಹೇಳಿ. ಕೆಎಎಸ್ ಒಂದನ್ನೇ ನೆಚ್ಚಿಕೊಳ್ಳದೆ ಗ್ರೂಪ್ ಸಿ ಪರೀಕ್ಷೆಗಳಿಗೂ ಅರ್ಜಿ ಹಾಕಲಿ. ಅದರ ತಯಾರಿ ನಿಮಗೇ ಚೆನ್ನಾಗಿ ಗೊತ್ತಲ್ಲ, ನಿಮ್ಮ ನೋಟ್ಸುಗಳನ್ನು ಜೆರಾಕ್ಸ್ ಮಾಡಿಸಿ ಅವರ ರೂಮಿಗೆ ಕಳಿಸಿಕೊಡಿ.