ಕಾಲೇಜ್ ಫುಟ್‌ಬಾಲ್ ಸೀಸನ್‌ನ ಮೊದಲ ವಾರಗಳಲ್ಲಿ ಯಾರು ಗೆಲ್ಲುತ್ತಾರೆ ಅಂತ ಊಹಿಸುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಎಂ.ಎಸ್. ಓದಲು ಅಮೆರಿಕಕ್ಕೆ ಬಂದಿದ್ದೀರಿ. ಲ್ಯಾಬಿನವರು ಪ್ರತಿ ವಾರ ಹತ್ತು ಕಾಲೇಜ್ ಫುಟ್‌ಬಾಲ್ (ಸಾಕರ್ ಅಲ್ಲ, ಅಮೆರಿಕನ್ ಫುಟ್‌ಬಾಲ್) ಪಂದ್ಯ ಆರಿಸಿ ಯಾರು ಗೆಲ್ಲುತ್ತಾರೆ ಅಂತ ಬರೆದು ಕೊಡುತ್ತಾರೆ. ಜೊತೆಗೆ ಪ್ರತಿ ಊಹೆಗೂ 1ರಿಂದ 10ರವರೆಗೆ ಒಂದೊಂದು ಅಂಕ ಇಡಬೇಕು, ಜಾಸ್ತಿ ನಂಬಿಕೆ ಇರುವುದಕ್ಕೆ 10, ಕಡಿಮೆ ಇರುವುದಕ್ಕೆ 1. ಆಗಸ್ಟ್ ಕೊನೆಯಲ್ಲಿ ಯಾರೂ ಇನ್ನೂ ಒಂದು ಪಂದ್ಯವನ್ನೂ ಆಡಿರುವುದಿಲ್ಲ, ಏನು ನೋಡಿ ಬರೆಯುವುದು ಅಂತ ಕೇಳಿದ್ದೀರಿ.

ನಾನು ಒಹಾಯೊದಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಈ ಆಟದಿಂದ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ, ನಮ್ಮ ಆಫೀಸಿನಲ್ಲೂ ಇದೇ ಥರದ ಪೂಲ್, ಅಂದರೆ ಊಹೆಯ ಸ್ಪರ್ಧೆ, ನಡೆಯುತ್ತದೆ. ನೇರವಾಗಿ ಹೇಳುತ್ತೇನೆ: ಮೊದಲ ನಾಲ್ಕು ವಾರ, ನಿನ್ನೆ ಟಿವಿಯಲ್ಲಿ ಕಂಡ ಆಟಕ್ಕಿಂತ ಸೀಸನ್‌ಗೆ ಮುಂಚಿನ ಲೆಕ್ಕವನ್ನೇ ಜಾಸ್ತಿ ನಂಬಿ. ಆದರೆ ಅದು ರ್‍ಯಾಂಕಿಂಗ್ ಪಟ್ಟಿ ಆಗಿರಬಾರದು.

ರ್‍ಯಾಂಕಿಂಗ್ ಯಾಕೆ ಬೇಡ? ಎಪಿ (ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ) ಪೋಲ್ ಅಂತ ಒಂದಿದೆ, 1936ರಿಂದ ನಡೆದು ಬಂದಿದ್ದು. ಕ್ರೀಡಾ ಪತ್ರಕರ್ತರು ಮತ ಹಾಕಿ 25 ತಂಡಗಳ ಪಟ್ಟಿ ಮಾಡುತ್ತಾರೆ. ಸೀಸನ್ ಶುರುವಾಗುವ ಮುಂಚೆ ಬರುವ ಪಟ್ಟಿಯಲ್ಲಿ ಹೆಸರು, ಹೋದ ವರ್ಷದ ನೆನಪು, ಬೇಸಿಗೆಯ ಗಾಳಿಸುದ್ದಿ ಎಲ್ಲಾ ಬೆರೆತಿರುತ್ತದೆ. 2025ರಲ್ಲಿ ಮೊದಲ ನಾಲ್ಕು ಸ್ಥಾನ ಟೆಕ್ಸಾಸ್, ಪೆನ್ ಸ್ಟೇಟ್, ಒಹಾಯೊ ಸ್ಟೇಟ್, ಕ್ಲೆಮ್ಸನ್‌ಗೆ ಸಿಕ್ಕಿತ್ತು. ಡಿಸೆಂಬರ್‌ನಲ್ಲಿ 12 ತಂಡಗಳ ಪ್ಲೇಆಫ್‌ಗೆ ಹೋಗಿದ್ದು ಅದರಲ್ಲಿ ಒಹಾಯೊ ಸ್ಟೇಟ್ ಒಂದೇ. ಎರಡನೇ ಸ್ಥಾನದ ಪೆನ್ ಸ್ಟೇಟ್ ಅಂತೂ ಅಕ್ಟೋಬರ್‌ನಲ್ಲೇ ಕೋಚ್‌ನನ್ನು ಮನೆಗೆ ಕಳಿಸಿತು. ಕ್ಲೆಮ್ಸನ್ ತನ್ನದೇ ಮೈದಾನದಲ್ಲಿ ಮೊದಲ ಪಂದ್ಯವನ್ನು ಎಲ್‌ಎಸ್‌ಯುಗೆ (ಲೂಸಿಯಾನಾ ಸ್ಟೇಟ್) 17-10ರಲ್ಲಿ ಸೋತಿತು. ಆ ರಾತ್ರಿ ಎಲ್‌ಎಸ್‌ಯು ಕಪ್ ಗೆದ್ದೇಬಿಟ್ಟಿತು ಅನ್ನುವ ಹಾಗೆ ಮಾತಾಡಿದರು. ಅಕ್ಟೋಬರ್ ಮುಗಿಯುವುದರೊಳಗೆ ಅವರ ಕೋಚ್‌ನ ಕೆಲಸವೂ ಹೋಯಿತು. ನಾಲ್ಕನೇ ಸ್ಥಾನದವರನ್ನು ಸೋಲಿಸಿದ್ದು ದೊಡ್ಡ ಗೆಲುವು ಅಲ್ವಾ ಅಂತ ಕೇಳಿದರೆ, ಅವರು ನಾಲ್ಕನೇ ಸ್ಥಾನದವರು ಅಂತ ಹೇಳಿದ್ದು ಯಾರು ಅನ್ನುವುದೇ ನನ್ನ ಪ್ರಶ್ನೆ.

ಹಾಗಾದರೆ ಯಾವ ಲೆಕ್ಕ ಒಳ್ಳೆಯದು? ಬಿಲ್ ಕಾನಲಿ ಅನ್ನುವವರ ಎಸ್‌ಪಿ ಪ್ಲಸ್, ಇಎಸ್‌ಪಿಎನ್‌ನ ಎಫ್‌ಪಿಐ, ಇಂಥವು ಇವೆ. ಇವು ಅಂಕಿಅಂಶದ ಮೇಲೆ ನಿಂತ ರೇಟಿಂಗ್‌ಗಳು, ಒಂದು ತಂಡ ಸರಾಸರಿ ತಂಡಕ್ಕಿಂತ ಎಷ್ಟು ಪಾಯಿಂಟ್ ಮೇಲು ಅಥವಾ ಕೆಳಗೆ ಅಂತ ಹೇಳುತ್ತವೆ. ಎಸ್‌ಪಿ ಪ್ಲಸ್ ಸೀಸನ್‌ಗೆ ಮುಂಚೆ ಮುಖ್ಯವಾಗಿ ಮೂರು ವಿಷಯ ನೋಡುತ್ತದೆ. ಹೋದ ವರ್ಷದ ಆಟದಲ್ಲಿ ಎಷ್ಟು ಪಾಲು ಆಡಿದವರು ಈ ವರ್ಷವೂ ಉಳಿದಿದ್ದಾರೆ, ಇತ್ತೀಚೆಗೆ ಎಂಥ ಹುಡುಗರನ್ನು ಸೇರಿಸಿಕೊಂಡಿದ್ದಾರೆ, ಕಳೆದ ಕೆಲವು ವರ್ಷ ತಂಡ ಹೇಗಿತ್ತು. ನಿಮಗೆ ಬೇಕಾಗಿರುವುದೂ ಹೆಚ್ಚುಕಡಿಮೆ ಇಷ್ಟೇ.

ಇದರಲ್ಲಿ ಮೊದಲನೆಯದು ಇತ್ತೀಚೆಗೆ ಪೂರ್ತಿ ಕಲಸಿಹೋಗಿದೆ. ಮೊದಲು ಒಬ್ಬ ಹುಡುಗ ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ಕಾಲೇಜು ಬದಲಿಸಲು ಬಯಸುವವರ ಹೆಸರು ಹಾಕುವ ಆನ್‌ಲೈನ್ ಪಟ್ಟಿ, ಬಂತು. 2021ರಲ್ಲಿ ಒಂದು ಸಲ ಬದಲಿಸಿ ತಕ್ಷಣ ಆಡಬಹುದು ಅಂತ ಮಾಡಿದರು. ಅದೇ ವರ್ಷ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ದುಡ್ಡು ಮಾಡಬಹುದು ಅಂತಾಯಿತು. 2024ರ ಹೊತ್ತಿಗೆ, ಓದಿನಲ್ಲಿ ಸರಿಯಾಗಿದ್ದರೆ ಎಷ್ಟು ಸಲ ಬೇಕಾದರೂ ಬದಲಿಸಬಹುದು ಅಂತಾಯಿತು. ಅಂದರೆ ಪ್ರತಿ ಚಳಿಗಾಲದಲ್ಲೂ ಇಲ್ಲಿ ಐಪಿಎಲ್ ಮೆಗಾ ಹರಾಜು ನಡೆದ ಹಾಗೆ. ಜೆರ್ಸಿ ಅದೇ, ಒಳಗಿರುವವರು ಬೇರೆ. ಹೋದ ವರ್ಷದ ಫಲಿತಾಂಶ ಎಷ್ಟು ಕೆಲಸಕ್ಕೆ ಬರುತ್ತದೆ ಅನ್ನುವುದು, ಹೋದ ವರ್ಷದವರು ಎಷ್ಟು ಜನ ಉಳಿದಿದ್ದಾರೆ ಅನ್ನುವುದರ ಮೇಲೆ ನಿಂತಿದೆ.

ಎರಡು ಉದಾಹರಣೆ ಕೊಡುತ್ತೇನೆ, ಎರಡೂ ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ. ಕೊಲೊರಾಡೊ 2022ರಲ್ಲಿ 12ರಲ್ಲಿ ಒಂದೇ ಪಂದ್ಯ ಗೆದ್ದಿತ್ತು. ಡಿಯಾನ್ ಸ್ಯಾಂಡರ್ಸ್ ಕೋಚ್ ಆಗಿ ಬಂದು ಹಳಬರಲ್ಲಿ ಹೆಚ್ಚಿನವರನ್ನು ಕಳಿಸಿ ಹೊಸಬರನ್ನು ತುಂಬಿದರು. 2023ರ ಸೆಪ್ಟೆಂಬರ್ 2ರಂದು ಟಿಸಿಯು ಮೈದಾನದಲ್ಲಿ ಮೂರು ಟಚ್‌ಡೌನ್‌ನಷ್ಟು (ಒಂದಕ್ಕೆ ಸುಮಾರು 7 ಪಾಯಿಂಟ್) ಅಂತರದಲ್ಲಿ ಸೋಲಬೇಕಾದವರು 45-42ರಲ್ಲಿ ಗೆದ್ದರು. ಟಿಸಿಯು ಅಂದರೆ ಟೆಕ್ಸಾಸ್ ಕ್ರಿಶ್ಚಿಯನ್ ಯೂನಿವರ್ಸಿಟಿ, ಹಿಂದಿನ ಸೀಸನ್‌ನ ಫೈನಲ್ ಆಡಿದ ತಂಡ. ದೇಶವೇ ಹುಚ್ಚಾಯಿತು. ಸೀಸನ್ ಮುಗಿದಾಗ ಕೊಲೊರಾಡೊ 4-8 (4 ಗೆಲುವು, 8 ಸೋಲು), ಟಿಸಿಯು 5-7. ಇನ್ನೊಂದು ಇಂಡಿಯಾನಾ. 2023ರಲ್ಲಿ 3-9. ಕರ್ಟ್ ಸಿಗ್ನೆಟ್ಟಿ ಅನ್ನುವ ಕೋಚ್ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಿಂದ ಬರುವಾಗ ತನ್ನ ಆಟಗಾರರಲ್ಲಿ ಹತ್ತಕ್ಕೂ ಹೆಚ್ಚು ಜನರನ್ನು ಜೊತೆಗೇ ಕರೆದುಕೊಂಡು ಬಂದರು. 2024ರಲ್ಲಿ ಪತ್ರಕರ್ತರು ಅವರಿಗೆ ಬಿಗ್ ಟೆನ್ ಅನ್ನುವ ಲೀಗಿನಲ್ಲಿ (ಹೆಸರು ಟೆನ್, ತಂಡ 18) 17ನೇ ಸ್ಥಾನ ಕೊಟ್ಟಿದ್ದರು, ಪ್ಲೇಆಫ್‌ಗೆ ಮುಂಚೆ ತಂಡ 11-1 ಆಯಿತು. ಇವೆರಡರ ನಡುವೆ ಇರುವ ವ್ಯತ್ಯಾಸ ನನ್ನ ಕಣ್ಣಿಗೆ ಇದು: ಸಿಗ್ನೆಟ್ಟಿ ತಂದ ಹುಡುಗರು ಒಟ್ಟಿಗೇ, ಅದೇ ಕೋಚ್ ಕೈಕೆಳಗೆ, ಅದೇ ಪದ್ಧತಿಯಲ್ಲಿ ಆಡಿ ಪಳಗಿದ್ದವರು. ಹೊಸ ಕೋಚ್ ಬಂದಾಗ ಎಷ್ಟು ಜನ ಬಂದರು ಅಂತ ಎಣಿಸುವುದಕ್ಕಿಂತ ಯಾರ ಜೊತೆ ಬಂದರು ಅಂತ ನೋಡಿ. ಅದರಲ್ಲೂ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮತ್ತು ಅವನನ್ನು ಕಾಯಲು ಮುಂದೆ ನಿಲ್ಲುವ ಐದು ಜನ ದಢೂತಿ ಹುಡುಗರನ್ನು. ಆ ಐವರು ಹೊಸಬರಾದರೆ, ಅವನು ಎಷ್ಟು ದೊಡ್ಡ ಸ್ಟಾರ್ ಆದರೂ ಸೆಪ್ಟೆಂಬರ್‌ನಲ್ಲಿ ಬೆನ್ನು ನೆಲಕ್ಕೆ ಹಾಕಿಕೊಂಡೇ ಆಡುತ್ತಾನೆ.

ಇನ್ನು ಮೊದಲ ವಾರ ಮುಗಿದ ಮೇಲಿನ ಮಾತು. ಎಲ್ಲರೂ ಜಾರುವುದು ಇಲ್ಲೇ.

2025ರ ಆಗಸ್ಟ್ 30. ಫ್ಲಾರಿಡಾ ಸ್ಟೇಟ್ ಹಿಂದಿನ ವರ್ಷ 2-10. ಎದುರಿಗೆ ಅಲಬಾಮಾ, ಸುಮಾರು ಎರಡು ಟಚ್‌ಡೌನ್ ಫೇವರಿಟ್. ಫ್ಲಾರಿಡಾ ಸ್ಟೇಟ್ 31-17ರಲ್ಲಿ ಗೆದ್ದಿತು. ಮಾರನೇ ದಿನ ಅಲಬಾಮಾ ಕಥೆ ಮುಗಿಯಿತು ಅಂದರು. ಕೊನೆಗೆ ಅಲಬಾಮಾ ಪ್ಲೇಆಫ್ ಆಡಿತು, ಫ್ಲಾರಿಡಾ ಸ್ಟೇಟ್ 5-7ಕ್ಕೆ ಮನೆಗೆ ಹೋಯಿತು.

ಅದಕ್ಕೂ ಮುಂಚಿನ ವರ್ಷದ್ದು ಇನ್ನೂ ಚೆನ್ನಾಗಿದೆ. ನೋಟ್ರ್ ಡೇಮ್ ಮೊದಲ ವಾರ ಟೆಕ್ಸಾಸ್ ಎ ಅಂಡ್ ಎಂ ಊರಿಗೇ ಹೋಗಿ 23-13ರಲ್ಲಿ ಗೆದ್ದು ಬಂತು. ರ್‍ಯಾಂಕಿಂಗ್‌ನಲ್ಲಿ 5ನೇ ಸ್ಥಾನ. ಮುಂದಿನ ಶನಿವಾರ, ಸೆಪ್ಟೆಂಬರ್ 7, ಮನೆಯಂಗಳದಲ್ಲಿ ನಾರ್ದರ್ನ್ ಇಲಿನಾಯ್ ಜೊತೆ ಪಂದ್ಯ. ನಾಲ್ಕು ಟಚ್‌ಡೌನ್ ಅಂತರದಿಂದ ಗೆಲ್ಲಬೇಕಾದ ಪಂದ್ಯ ಅದು. ಕೊನೆಗೆ 31 ಸೆಕೆಂಡ್ ಇರುವಾಗ ಇಲಿನಾಯ್ ಹುಡುಗ 35 ಯಾರ್ಡ್‌ನಿಂದ ಒದ್ದು ಫೀಲ್ಡ್ ಗೋಲ್ (ಮೂರು ಪಾಯಿಂಟ್) ಹೊಡೆದ, 16-14. ನೋಟ್ರ್ ಡೇಮ್ ಕಟ್ಟಕಡೆಯಲ್ಲಿ 62 ಯಾರ್ಡ್‌ನಿಂದ ಒದೆಯಲು ಹೋದರೆ ಅದನ್ನೂ ಕೈ ಅಡ್ಡ ಹಾಕಿ ತಡೆದರು. ಈಗ ಮುಂದೇನಾಯಿತು ನೋಡಿ. ಗೆದ್ದ ನಾರ್ದರ್ನ್ ಇಲಿನಾಯ್ 25ನೇ ರ್‍ಯಾಂಕ್ ಪಡೆದು, ತನ್ನ ಮುಂದಿನ ಪಂದ್ಯವನ್ನೇ ಬಫಲೊಗೆ 23-20ರಲ್ಲಿ ಸೋತಿತು. ಸೋತ ನೋಟ್ರ್ ಡೇಮ್ ಒಂದಾದ ಮೇಲೊಂದು ಗೆಲ್ಲುತ್ತಾ ಹೋಗಿ 2025ರ ಜನವರಿಯಲ್ಲಿ ರಾಷ್ಟ್ರೀಯ ಫೈನಲ್ ಆಡಿತು. ಅಲ್ಲಿ ಸೋತಿದ್ದು ನಮ್ಮ ಒಹಾಯೊ ಸ್ಟೇಟ್‌ಗೆ ಅನ್ನುವುದನ್ನು ಹೇಳದೆ ಇರಲಾರೆ, 34-23.

ಆದ್ದರಿಂದ ಒಂದು ಪಂದ್ಯ ಎಷ್ಟೇ ಜೋರಾಗಿ ಕೂಗಿದರೂ ಸ್ವಲ್ಪವೇ ಕೇಳಿಸಿಕೊಳ್ಳಿ. ನಾನು ಮಾಡುವುದು ಹೀಗೆ. ಒಂದು ತಂಡ ಅಂದಾಜಿಗಿಂತ 28 ಪಾಯಿಂಟ್ ಕೆಟ್ಟದಾಗಿ ಆಡಿತು ಅಂದುಕೊಳ್ಳಿ, ಅದರ ರೇಟಿಂಗ್‌ನಿಂದ ಒಂದು 4 ಪಾಯಿಂಟ್ ತೆಗೆಯುತ್ತೇನೆ, ಎದುರಾಳಿಗೆ 4 ಸೇರಿಸುತ್ತೇನೆ. ಅಷ್ಟೇ. ಎರಡನೇ ವಾರವೂ ಅದೇ ಆದರೆ ಇನ್ನೊಂದು 4. ಮೂರನೇ ವಾರವೂ ಹಾಗೇ ಆದರೆ ಸರಿ, ತಂಡವೇ ಹಾಳು ಅಂತ ಒಪ್ಪಿಕೊಳ್ಳಿ. ಒಳ್ಳೆಯ ರೇಟಿಂಗ್‌ಗಳೂ ಸೀಸನ್ ಶುರುವಿನ ಲೆಕ್ಕವನ್ನು ಒಂದೇ ಸಲ ಬಿಸಾಡುವುದಿಲ್ಲ, ವಾರ ಕಳೆದ ಹಾಗೆ ನಿಧಾನವಾಗಿ ಕರಗಿಸುತ್ತವೆ.

ಮೊದಲ ಪಂದ್ಯದ ಸೋಲೇ ನಿಜವಾದ ಸಂದರ್ಭಗಳೂ ಇವೆ, ಸುಳ್ಳು ಹೇಳಲ್ಲ. 2024ರಲ್ಲಿ 10ನೇ ರ್‍ಯಾಂಕಿನ ಫ್ಲಾರಿಡಾ ಸ್ಟೇಟ್ ಐರ್ಲೆಂಡ್‌ನ ಡಬ್ಲಿನ್‌ಗೆ ಹೋಗಿ ಜಾರ್ಜಿಯಾ ಟೆಕ್‌ಗೆ 24-21ರಲ್ಲಿ ಸೋತಿತು, ಕೊನೆಯ ಒದೆತದಲ್ಲಿ. ಬರೀ ಮೂರು ಪಾಯಿಂಟ್, ಪ್ರಯಾಣದ ಸುಸ್ತು ಅಂತ ಎಲ್ಲರೂ ಸಮಾಧಾನ ಹೇಳಿದರು. ಆ ತಂಡವೇ 2-10 ಆಗಿದ್ದು. ಇಂಥಲ್ಲಿ ಸ್ಕೋರ್ ಬಿಟ್ಟು ಚೆಂಡು ಯಾರ ಕೈಯಲ್ಲಿತ್ತು, ಯಾರು ಯಾರನ್ನು ಹಿಂದಕ್ಕೆ ತಳ್ಳಿದರು ಅಂತ ನೋಡಬೇಕು. 2022ರಲ್ಲಿ ಆಪಲಾಚಿಯನ್ ಸ್ಟೇಟ್ 6ನೇ ರ್‍ಯಾಂಕಿನ ಟೆಕ್ಸಾಸ್ ಎ ಅಂಡ್ ಎಂ ಅನ್ನು 17-14ರಲ್ಲಿ ಸೋಲಿಸಿತಲ್ಲ, 60 ನಿಮಿಷದಲ್ಲಿ 41 ನಿಮಿಷ ಚೆಂಡು ಅವರ ಬಳಿಯೇ ಇತ್ತು. ಅದು ಅದೃಷ್ಟ ಅಲ್ಲ, ಎದುರಿಗಿನ ತಂಡಕ್ಕೆ ತಡೆಯುವ ಶಕ್ತಿಯೇ ಇರಲಿಲ್ಲ. ಆ ವರ್ಷ ಎ ಅಂಡ್ ಎಂ 5-7. ಆದರೆ ಚೆಂಡು ಕೈಜಾರಿ ಬಿದ್ದು ಎದುರಾಳಿಗೆ ಸಿಕ್ಕಿ ಸೋತಿದ್ದರೆ ಅಷ್ಟು ತಲೆಗೆ ಹಾಕಿಕೊಳ್ಳಬೇಡಿ. ನೆಲಕ್ಕೆ ಬಿದ್ದ ಚೆಂಡು ಯಾರಿಗೆ ಸಿಗುತ್ತದೆ ಅನ್ನುವುದು ಹೆಚ್ಚುಕಡಿಮೆ ನಾಣ್ಯ ಚಿಮ್ಮಿದಂತೆ, ಮುಂದಿನ ವಾರಕ್ಕೆ ಅದು ದಾಟಿ ಬರುವುದಿಲ್ಲ.

ಈಗ ನಿಮ್ಮ 1ರಿಂದ 10ರ ವಿಷಯ. ಲ್ಯಾಬಿನವರ ಜೊತೆ ಗೆಲ್ಲುವುದು ಸೋಲುವುದು ಇಲ್ಲೇ ಇದೆ, ಯಾಕೆಂದರೆ ಯಾರು ಫೇವರಿಟ್ ಅನ್ನುವುದು ಎಲ್ಲರಿಗೂ ಗೊತ್ತು. ಪ್ರತಿ ಪಂದ್ಯಕ್ಕೂ ಪಾಯಿಂಟ್ ಸ್ಪ್ರೆಡ್ ಅಂತ ಪ್ರಕಟವಾಗುತ್ತದೆ, ಇವರು ಇಷ್ಟು ಪಾಯಿಂಟ್‌ನಿಂದ ಗೆಲ್ಲಬಹುದು ಅನ್ನುವ ಮಾರುಕಟ್ಟೆಯ ಅಂದಾಜು. ದುಡ್ಡು ಹಾಕುವವರು ಮಾಡಿದ ಅಂದಾಜಾದ್ದರಿಂದ ಪತ್ರಕರ್ತರ ಪಟ್ಟಿಗಿಂತ ಚೆನ್ನಾಗಿರುತ್ತದೆ. (ನೀವು ದುಡ್ಡು ಹಾಕಬೇಡಿ, ಸ್ಟೈಪೆಂಡ್ ಬಾಡಿಗೆಗೆ ಇರಲಿ.) ಕಾಲೇಜ್ ಪಂದ್ಯಗಳಲ್ಲಿ ನಿಜವಾದ ಅಂತರ ಈ ಅಂದಾಜಿನಿಂದ ಆಚೀಚೆ 16 ಪಾಯಿಂಟ್‌ನಷ್ಟು ಹರಡಿಕೊಳ್ಳುತ್ತದೆ ಅಂತ ಇಟ್ಟುಕೊಂಡು ನಾನು ಲೆಕ್ಕ ಹಾಕುತ್ತೇನೆ. ಆಗ 3 ಪಾಯಿಂಟ್ ಫೇವರಿಟ್ ಗೆಲ್ಲುವ ಸಾಧ್ಯತೆ ನೂರಕ್ಕೆ 57ರಷ್ಟು. 7 ಇದ್ದರೆ 67, 14 ಇದ್ದರೆ 81, 21 ಇದ್ದರೆ 91, 28 ಇದ್ದರೆ 96. ಈ ಕ್ರಮದಲ್ಲೇ ಅಂಕ ಇಟ್ಟು ಹೋಗಿ. ಬೋರು ಅನ್ನಿಸುತ್ತದೆ, ಆದರೆ ಲ್ಯಾಬಿನಲ್ಲಿ ಅರ್ಧ ಜನ ತಮ್ಮ ಕಾಲೇಜಿಗೆ ಸುಮ್ನೆ ಪ್ರೀತಿಗೆ 10 ಇಟ್ಟಿರುತ್ತಾರೆ, ನಿಮಗೆ ಆ ಕಾಟ ಇಲ್ಲ.

28ಕ್ಕೂ 96 ಅಂದೆನಲ್ಲ, ಆ ಉಳಿದ 4ರಿಂದಲೇ ಇತಿಹಾಸ ಆಗುವುದು. ಸೆಪ್ಟೆಂಬರ್‌ನಲ್ಲಿ ದೊಡ್ಡ ಕಾಲೇಜುಗಳು ಚಿಕ್ಕ ಕಾಲೇಜುಗಳಿಗೆ ದುಡ್ಡು ಕೊಟ್ಟು ಕರೆಸುತ್ತವೆ, ಬಂದು ಸೋತು ಹೋಗಿ ಅಂತ. 2007ರಲ್ಲಿ 5ನೇ ರ್‍ಯಾಂಕಿನ ಮಿಷಿಗನ್, ಕೆಳಗಿನ ದರ್ಜೆಯಲ್ಲಿ ಆಡುತ್ತಿದ್ದ ಇದೇ ಆಪಲಾಚಿಯನ್ ಸ್ಟೇಟ್‌ಗೆ 4 ಲಕ್ಷ ಡಾಲರ್ ಕೊಟ್ಟು ಕರೆಸಿತು. ಲಕ್ಷಕ್ಕೂ ಹೆಚ್ಚು ಜನರ ಮುಂದೆ 34-32ರಲ್ಲಿ ಸೋತಿತು, ಕೊನೆಯ ಫೀಲ್ಡ್ ಗೋಲ್ ತಡೆಸಿಕೊಂಡು. ಇಂಥದನ್ನು ಮೊದಲೇ ಹಿಡಿಯಲು ಹೋಗಬೇಡಿ. ಪ್ರತಿ ವಾರ ಇಂಥ ಹಲವು ಪಂದ್ಯ ಇರುತ್ತವೆ, ಎಲ್ಲೋ ಒಂದು ಉಲ್ಟಾ ಹೊಡೆಯುತ್ತದೆ, ಯಾವುದು ಅಂತ ಹೇಳಲು ಆಗಲ್ಲ. ದೊಡ್ಡ ಗೆಲುವಿನ ಮರುವಾರ ಮನೆಯಲ್ಲಿ ಸಣ್ಣ ತಂಡ ಬಂದಿದ್ದರೆ ನಾನು 10 ಇಡುವ ಕಡೆ 8 ಇಡುತ್ತೇನೆ, ನೋಟ್ರ್ ಡೇಮ್ ನೆನಪಿಗೆ. ದೂರದ, ಎತ್ತರದ ಊರುಗಳಲ್ಲೂ ಒಂದು ಅಂಕ ಇಳಿಸಿ. ವಯೋಮಿಂಗ್‌ನ ಲ್ಯಾರಮಿಯ ಮೈದಾನ 7,200 ಅಡಿಗಿಂತ ಎತ್ತರದಲ್ಲಿದೆ. 2023ರ ಮೊದಲ ವಾರ ಟೆಕ್ಸಾಸ್ ಟೆಕ್ ಫೇವರಿಟ್ ಆಗಿ ಅಲ್ಲಿಗೆ ಹೋಗಿ ಎರಡು ಓವರ್‌ಟೈಮ್ ಆಡಿ 35-33ರಲ್ಲಿ ಸೋತಿತು.

ಟೈ ಆದರೆ ಕೊನೆಯ ಪಂದ್ಯದ ಒಟ್ಟು ಸ್ಕೋರ್ ಊಹಿಸಿ ಅಂತ ಒಂದು ಖಾಲಿ ಜಾಗ ಇರುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆಪಲಾಚಿಯನ್ ಸ್ಟೇಟ್ ಎ ಅಂಡ್ ಎಂ ಅನ್ನು 17-14ರಲ್ಲಿ ಸೋಲಿಸುವ ಒಂದು ವಾರ ಮುಂಚೆ ನಾರ್ತ್ ಕ್ಯಾರೊಲಿನಾ ಎದುರು 63-61ರಲ್ಲಿ ಸೋತಿತ್ತು, ಕೊನೆಯ ಕ್ವಾರ್ಟರ್ ಒಂದರಲ್ಲೇ 40 ಪಾಯಿಂಟ್ ಹೊಡೆದು. ಒಂದು ಶನಿವಾರ ಒಟ್ಟು 124, ಮುಂದಿನ ಶನಿವಾರ 31. ಏನಂತ ಹೇಳುತ್ತೀರಿ? 52 ಅಂತ ಬರೆದು ಕಳಿಸಿ. ಕಳಿಸುವ ಮುಂಚೆ ಇಬ್ಬರ ಕ್ವಾರ್ಟರ್‌ಬ್ಯಾಕೂ ಆಡುತ್ತಿದ್ದಾನಾ ಅಂತ ಮಾತ್ರ ಒಂದು ಸಲ ನೋಡಿ.